ಗೀಸರಿನ ಮೇಲಿನ ಎರಡು ಅಂಕಿಗಳು

ಸ್ನಾನದ ಮನೆಯ ಗೀಸರಿನ ಮೇಲೆ ‘230 ವೋಲ್ಟ್, 2000 ವಾಟ್’ ಎಂದು ಅಚ್ಚಾಗಿರುತ್ತದೆ. ಮನೆಯ ಸುರಕ್ಷತೆಯ ಲೆಕ್ಕವೆಲ್ಲ ಈ ಎರಡು ಅಂಕಿಗಳಲ್ಲಿ ಅಡಗಿದೆ.

ವೋಲ್ಟ್ ಎಂಬುದು ವಿದ್ಯುತ್ತನ್ನು ನೂಕುವ ಒತ್ತಡ. ಆಂಪಿಯರ್ ಎಂಬುದು ಹರಿಯುವ ಪ್ರವಾಹದ ಅಳತೆ. ಒತ್ತಡವನ್ನು ಪ್ರವಾಹದಿಂದ ಭಾಗಿಸಿದರೆ ರೋಧವೂ, ಗುಣಿಸಿದರೆ ವಾಟ್ ಎಂಬ ಸಾಮರ್ಥ್ಯವೂ ದೊರೆಯುತ್ತವೆ. ಒತ್ತಡ, ಪ್ರವಾಹ, ರೋಧಗಳ ಸಂಬಂಧವನ್ನು 1827ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದವನು ಜರ್ಮನಿಯ ಉಪಾಧ್ಯಾಯ ಜಾರ್ಜ್ ಓಮ್. ರೋಧದ ಮಾನಕ್ಕೆ ಅವನ ಹೆಸರೇ ನಿಂತಿದೆ.

ಗೀಸರಿನ 2000 ವಾಟನ್ನು 230ರಿಂದ ಭಾಗಿಸಿದರೆ ಪ್ರವಾಹವು ಸುಮಾರು 8.7 ಆಂಪಿಯರ್, 230ನ್ನು 8.7ರಿಂದ ಭಾಗಿಸಿದರೆ ರೋಧವು ಸುಮಾರು 26 ಓಮ್. 100 ವಾಟಿನ ಹಳೆಯ ಬುರುಡೆ ದೀಪದ ರೋಧವಾದರೋ ಉರಿಯುವಾಗ 529 ಓಮ್. ರೋಧ ತಗ್ಗಿದಷ್ಟೂ ಪ್ರವಾಹ ಹೆಚ್ಚು.

ಅಪಾಯವಿರುವುದು ಇಲ್ಲಿಯೇ. ಫ್ಯಾನು, ರೇಡಿಯೋಗಳಿಗೆಂದು ಇರಿಸಿದ 6 ಆಂಪಿಯರಿನ ಸಾಕೆಟ್ ಹೊರಬಲ್ಲದ್ದು 1380 ವಾಟ್ ಮಾತ್ರ. ಗೀಸರನ್ನು ಅದಕ್ಕೆ ಜೋಡಿಸಿದರೆ ಪ್ರವಾಹವು ಒಂದೂವರೆ ಪಟ್ಟನ್ನೂ ಮುಟ್ಟದು. ಆದರೆ ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕನುಗುಣವಾಗಿ ಏರುವುದರಿಂದ ಅದು ಇಮ್ಮಡಿಯನ್ನು ಮೀರುತ್ತದೆ. ದಿನದಿನವೂ ಹೀಗೆ ಕಾಯ್ದ ತಂತಿಯ ಹೊದಿಕೆ ಒಂದು ದಿನ ಬಿರಿದರೆ ಕಿಡಿ ಹಾರಿ ಮನೆಗೆ ಬೆಂಕಿ ಹತ್ತಬಹುದು. ಫ್ಯೂಸು ಪದೇ ಪದೇ ಹೋಗುತ್ತದೆಂದು ಅದಕ್ಕೆ ದಪ್ಪ ತಂತಿ ಕಟ್ಟುವುದು ಕಾವಲುಗಾರನನ್ನು ಮಲಗಿಸಿದಂತೆ.

ಗೀಸರಿಗೆ 16 ಆಂಪಿಯರಿನ ಸಾಕೆಟ್ಟೂ ಅದಕ್ಕೆ ತಕ್ಕ ದಪ್ಪ ತಂತಿಯೂ ಅವಶ್ಯಕ. ಹೊಸ ಉಪಕರಣ ಮನೆಗೆ ಬಂದ ದಿನವೇ ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು ಈ ಭಾಗಾಕಾರವನ್ನು ಮಾಡಿಸುವುದು ಲೇಸು.