ಶಾಂಪೂ: ಒಂದು ಕ್ರಿಯಾಪದದ ಚರಿತ್ರೆ

ಇಂಗ್ಲಿಷಿನ ‘ಶಾಂಪೂ’ ಮೂಲತಃ ಕ್ರಿಯಾಪದವಾಗಿದ್ದು, ಅದಕ್ಕೂ ಕೂದಲಿಗೂ ಮೊದಲು ಸಂಬಂಧವಿರಲಿಲ್ಲ. ಒತ್ತು, ನಾದು ಎಂಬ ಅರ್ಥದ ಹಿಂದಿಯ ‘ಚಾಂಪ್‌ನಾ’ದ ವಿಧ್ಯರ್ಥ ರೂಪ, ಎಂದರೆ ಅಪ್ಪಣೆ ಕೊಡುವ ರೂಪವಾದ ‘ಚಾಂಪೋ’, 18ನೆಯ ಶತಮಾನದಲ್ಲಿ ಭಾರತದಲ್ಲಿದ್ದ ಇಂಗ್ಲಿಷರ ಕಿವಿಗೆ ಬಿದ್ದು, ಮೈಕೈ ಒತ್ತುವುದನ್ನು ಸೂಚಿಸುವ ಪದವಾಗಿ ಅವರ ಬರಹವನ್ನು ಸೇರಿತು; ಯಜಮಾನನ ಅಪ್ಪಣೆಯೇ ಕೆಲಸದ ಹೆಸರಾದದ್ದು ಆ ಕಾಲಕ್ಕೆ ತಕ್ಕುದೇ ಆಗಿತ್ತು. 1759ರಲ್ಲಿ ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮದರು ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಸ್ನಾನಗೃಹ ತೆರೆದು, ಹಬೆಯಲ್ಲಿ ಬೆವರಿಸಿ ಮೈ ನಾದುವ ಈ ಚಿಕಿತ್ಸೆಯನ್ನು ಎಷ್ಟು ಜನಪ್ರಿಯಗೊಳಿಸಿದರೆಂದರೆ, ದೊರೆ ನಾಲ್ಕನೆಯ ಜಾರ್ಜ್ ಅವರನ್ನು ತನ್ನ ‘ಶಾಂಪೂಯಿಂಗ್ ಸರ್ಜನ್’ ಆಗಿ ನೇಮಿಸಿಕೊಂಡನು. 19ನೆಯ ಶತಮಾನದ ನಡುಭಾಗದ ಹೊತ್ತಿಗೆ ಅರ್ಥವು ಮೈಯಿಂದ ತಲೆಗೆ ಸರಿದು, ನೊರೆ ಹಚ್ಚಿ ಕೂದಲು ತೊಳೆಯುವುದೆಂದಾಯಿತು. ತೊಳೆಯುವ ದ್ರವಕ್ಕೆ ಆ ಹೆಸರು ಅಂಟಿದ್ದು ಅನಂತರ.