ಹಿರಿಯರ ಶ್ರವಣಸಾಧನ ಇನ್ನೊಬ್ಬರಿಗೆ ಸಲ್ಲುವುದೆ?

ಮನೆಯ ಹಿರಿಯರು ಲಿಂಗೈಕ್ಯರಾದ ಬಳಿಕ ಅವರ ಕನ್ನಡಕ, ಊರುಗೋಲು, ಕೈಗಡಿಯಾರಗಳೊಡನೆ ಶ್ರವಣಸಾಧನವೂ ಉಳಿಯುತ್ತದೆ. ಸಾವಿರಾರು ರೂಪಾಯಿ ತೆತ್ತು ತಂದ ವಸ್ತು. ಪೆಟ್ಟಿಗೆಯಲ್ಲಿ ಹಾಳಾಗುವ ಬದಲು ಕಿವಿ ಮಂದವಾದ ಅಜ್ಜಿಗೋ ನೆರೆಮನೆಯ ಬಡವರಿಗೋ ಒದಗಲಿ ಎಂಬ ವಿಚಾರ ಸಹಜವಾದುದು, ಸ್ತುತ್ಯವಾದುದು. ಆದರೆ ಅದನ್ನು ಹಾಗೆಯೇ ಇನ್ನೊಬ್ಬರ ಕಿವಿಗೆ ತೊಡಿಸಿದರೆ ಉಪಕಾರವೇ ಅಪಕಾರವಾಗಬಹುದೆಂಬುದನ್ನು ನಾವು ಅರಿಯಬೇಕು.

ಕಿವುಡುತನ ಎಲ್ಲರಲ್ಲಿಯೂ ಒಂದೇ ತೆರನಲ್ಲ. ಮುಪ್ಪಿನಲ್ಲಿ ಸಾಮಾನ್ಯವಾಗಿ ಮೊದಲು ಕುಗ್ಗುವುದು ಏರುಸ್ಥಾಯಿಯ ಧ್ವನಿಗಳ ಗ್ರಹಣ. ಸ, ಶ ಮೊದಲಾದ ವ್ಯಂಜನಗಳು ಜಾರಿಹೋಗಿ, ಮಾತು ಕೇಳಿಸಿದರೂ ಅರ್ಥ ತಿಳಿಯದಂತಾಗುತ್ತದೆ. ಈಗಿನ ಡಿಜಿಟಲ್ ಸಾಧನವನ್ನು ಒಬ್ಬರ ಶ್ರವಣ ಪರೀಕ್ಷೆಯ ನಕ್ಷೆಯನ್ನು ನೋಡಿ ಅವರಿಗಾಗಿಯೇ ಹೊಂದಿಸಿರುತ್ತಾರೆ. ಮತ್ತೊಬ್ಬರಿಗೆ ಅದು ದುರ್ಬಲವಾದರೆ ನಿಷ್ಪ್ರಯೋಜಕ. ಅತಿ ಪ್ರಬಲವಾದರೆ ಉಳಿದಿರುವ ಶ್ರವಣಶಕ್ತಿಗೂ ಧಕ್ಕೆ ತಂದೀತು.

ಹಾಗೆಂದು ಮರುಬಳಕೆ ಸಲ್ಲದೆಂದಲ್ಲ. ಕಿವಿಯ ಹಿಂದೆ ತೊಡುವ ಸಾಧನ ಸುಸ್ಥಿತಿಯಲ್ಲಿದ್ದರೆ ಅನೇಕ ವೇಳೆ ಅದನ್ನು ಬೇರೊಬ್ಬರಿಗೆ ಹೊಂದಿಸಬಹುದು. ಅದಕ್ಕೆ ಮೂರು ನಿಯಮಗಳುಂಟು. ಮೊದಲು ವೈದ್ಯರು ಕಿವಿಯನ್ನು ನೋಡಿ ಗುಗ್ಗೆ, ಸೋರುವಿಕೆ, ತಮಟೆಯ ರಂಧ್ರ ಇವೆಯೇ ಎಂದು ಪರೀಕ್ಷಿಸಬೇಕು. ಎರಡನೆಯದಾಗಿ, ಶ್ರವಣತಜ್ಞರು ಹೊಸದಾಗಿ ಪರೀಕ್ಷೆ ನಡೆಸಿ ಸಾಧನವನ್ನು ಮರುಹೊಂದಿಸಬೇಕು. ಮೂರನೆಯದಾಗಿ, ಕಿವಿಯೊಳಗಿಡುವ ಅಚ್ಚನ್ನೂ ನಳಿಕೆಯನ್ನೂ ಹೊಸದಾಗಿ ಮಾಡಿಸಬೇಕು. ಒಬ್ಬರ ಅಚ್ಚು ಇನ್ನೊಬ್ಬರ ಕಿವಿಗೆ ಕೂಡದು. ಸಂದಿಯಿಂದ ಧ್ವನಿ ಸೋರಿ ಸಿಳ್ಳೆ ಏಳುತ್ತದೆ, ಒತ್ತಿದಲ್ಲಿ ಹುಣ್ಣಾಗುತ್ತದೆ, ಸೋಂಕೂ ತಗಲಬಹುದು. ಪೂರ್ಣವಾಗಿ ಕಿವಿಯೊಳಗೇ ಕೂರುವಂತೆ ಅಳತೆ ತೆಗೆದು ಮಾಡಿದ ಸಾಧನ ಈ ಕಾರಣದಿಂದಲೇ ಹಾಗೆಯೇ ದಾನಯೋಗ್ಯವಲ್ಲ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ಇಂತಹ ಪರೀಕ್ಷೆ ನಡೆಯುತ್ತದೆ. 1981ರಿಂದ ನಡೆದುಬಂದಿರುವ ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಲ್ಲಿ ಅರ್ಹ ಬಡವರಿಗೆ ಹೊಸ ಸಾಧನವೇ ದೊರೆಯುವುದುಂಟು. ಹಳೆಯದನ್ನು ಕೊಡುವ ಮುನ್ನ ಇದನ್ನೂ ವಿಚಾರಿಸುವುದು ಲೇಸು.

ಇನ್ನು ಧರಿಸುವ ಕ್ರಮ. ನೀರು, ಬೆವರು, ಎಣ್ಣೆ ಇವು ಸಾಧನದ ವೈರಿಗಳು. ಸ್ನಾನಕ್ಕೂ ನಿದ್ರೆಗೂ ಮುನ್ನ ಅದನ್ನು ತೆಗೆದಿಡಬೇಕು. ದಿನವೂ ಒಣಬಟ್ಟೆಯಿಂದ ಒರೆಸಬೇಕು. ಅಚ್ಚನ್ನು ಮಾತ್ರ ಬೇರ್ಪಡಿಸಿ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಜೋಡಿಸಬೇಕು. ಬಿಸಿಲಿಗಾಗಲಿ ಒಲೆಯ ಬಳಿಗಾಗಲಿ ಒಯ್ಯಬಾರದು. ರಾತ್ರಿ ಬ್ಯಾಟರಿಯ ಬಾಗಿಲು ತೆರೆದು, ತೇವ ಹೀರುವ ಸಿಲಿಕಾ ಹರಳಿನ ಡಬ್ಬಿಯಲ್ಲಿಡಬೇಕು. ಸಾಧನವನ್ನು ಬಹುಕಾಲ ಎತ್ತಿಡುವುದಾದರೆ ಬ್ಯಾಟರಿಯನ್ನು ತೆಗೆದೇ ಇಡಬೇಕು. ಒಳಗೇ ಬಿಟ್ಟರೆ ಸೋರಿ ಯಂತ್ರ ಕೆಡುತ್ತದೆ.

ಮೊಮ್ಮಕ್ಕಳಿರುವ ಮನೆಯಲ್ಲಿ ಇನ್ನೂ ಎಚ್ಚರ ಬೇಕು. ಗುಂಡಿಯಂತಹ ಆ ಬ್ಯಾಟರಿಯನ್ನು ಮಗು ನುಂಗಿದರೆ, ಮೂಗಿಗೋ ಕಿವಿಗೋ ತುರುಕಿಕೊಂಡರೆ, ಒಳಗೆ ಸುಟ್ಟಗಾಯವಾಗಬಹುದು. ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಹಿರಿಯರು ತಮ್ಮ ಮಾತ್ರೆಗಳ ಪಕ್ಕದಲ್ಲಿ ಬ್ಯಾಟರಿಯನ್ನಿಟ್ಟು, ಮಾತ್ರೆಯೆಂದೇ ನುಂಗಿಬಿಡುವ ಅಪಾಯವೂ ಉಂಟು.

ಹೊಸದಾಗಿ ಧರಿಸಿದವರು ಮೊದಲು ಶಾಂತವಾದ ಕೋಣೆಯಲ್ಲಿ, ದಿನಕ್ಕೆ ಕೆಲವು ಗಂಟೆ ತೊಟ್ಟು ಕ್ರಮೇಣ ರೂಢಿಸಿಕೊಳ್ಳಲಿ. ನೋವು, ಕೀವು, ತಲೆಸುತ್ತು ಕಂಡರೆ ತೆಗೆದಿಟ್ಟು ವೈದ್ಯರನ್ನು ಕಾಣಲಿ. ಮನೆಯವರಾದ ನಾವು ಕೂಗದೆ, ಮುಖ ನೋಡಿ, ನಿಧಾನವಾಗಿ ನುಡಿಯೋಣ. ಯಂತ್ರವು ಧ್ವನಿಯನ್ನು ಹೆಚ್ಚಿಸಬಲ್ಲದೇ ಹೊರತು ನಮ್ಮ ತಾಳ್ಮೆಯನ್ನು ಹೆಚ್ಚಿಸಲಾರದು.