ಚಿತ್ರದ ಮೇಲಿನ ಬರಹ ಅಳಿಸಿದರೆ ಅಡಿಯಲ್ಲಿ ಸಿಗುವುದೇನು?



ಹಂಪಿಯ ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥದ ಹಳೆಯ ಛಾಯಾಚಿತ್ರವೊಂದು ನಿಮ್ಮ ಮನೆಯಲ್ಲಿದೆ ಎಂದುಕೊಳ್ಳಿ. ಫಿಲ್ಮ್ ಕ್ಯಾಮೆರಾದ ಕಾಲದ್ದು. ಅದರ ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು ಮೂಡಿದೆ. ಚಿತ್ರವನ್ನು ಸ್ಕ್ಯಾನ್ ಮಾಡಿ ಗಣಕಕ್ಕೆ ಹಾಕಿದ್ದೀರಿ. ತಾರೀಖನ್ನು ಅಳಿಸಬಹುದೇ? ಖಂಡಿತ ಅಳಿಸಬಹುದು. ಅಳಿಸಿದಾಗ ಅಡಿಯಲ್ಲಿದ್ದ ಕೆತ್ತನೆ ಕಾಣುತ್ತದೆಯೇ? ಇಲ್ಲ. ಏಕೆಂಬುದನ್ನು ನೋಡೋಣ.

ಪದರಗಳು ಬೆರೆತಾಗ

ಫೋಟೊಶಾಪ್ ತಂತ್ರಾಂಶ ಬಂದದ್ದು 1990ರಲ್ಲಿ. 1994ರ ಮೂರನೆಯ ಆವೃತ್ತಿಯಲ್ಲಿ ಅದಕ್ಕೆ ಪದರಗಳ, ಅಂದರೆ ಲೇಯರ್‌ಗಳ, ಸೌಲಭ್ಯ ಸೇರಿತು. ಚಿತ್ರದ ಮೇಲೆ ಗಾಜಿನ ಹಾಳೆಯಿಟ್ಟು ಅದರ ಮೇಲೆ ಬರೆದಂತೆ ಇದು. ಗಾಜನ್ನು ಎತ್ತಿದರೆ ಬರಹವೂ ಹೋಗುತ್ತದೆ, ಚಿತ್ರ ಹಾಗೆಯೇ ಉಳಿಯುತ್ತದೆ. ಆದರೆ ಅದನ್ನೇ ಜೆಪೆಗ್ ಕಡತವಾಗಿ ಉಳಿಸಿದಾಗ ಪದರಗಳೆಲ್ಲ ಬೆರೆತು ಒಂದಾಗುತ್ತವೆ. ಸ್ಕ್ಯಾನ್ ಮಾಡಿದ ಚಿತ್ರವಂತೂ ಮೊದಲಿನಿಂದಲೇ ಒಂದೇ ಪದರ.

ಚಿತ್ರದ ಪ್ರತಿಯೊಂದು ಬಿಂದುವೂ, ಅಂದರೆ ಪಿಕ್ಸೆಲ್ಲೂ, ಗಣಕದ ಪಾಲಿಗೆ ಕೆಲವು ಸಂಖ್ಯೆಗಳು ಮಾತ್ರ. ಸಾಮಾನ್ಯವಾಗಿ ಕೆಂಪು, ಹಸಿರು, ನೀಲಿಗೆ 0ಯಿಂದ 255ರವರೆಗೆ ಒಂದೊಂದು ಸಂಖ್ಯೆ. ಅಕ್ಷರದ ಸಂಖ್ಯೆ ಬಂದು ಕೂತ ಮೇಲೆ ಅಲ್ಲಿ ಮೊದಲಿದ್ದ ಸಂಖ್ಯೆ ಉಳಿಯುವುದಿಲ್ಲ.

ಒಂದು ಸಣ್ಣ ಲೆಕ್ಕ

ಕಲ್ಲಿನ ಒಂದು ಬಿಂದುವಿನ ಹೊಳಪು 200 ಎನ್ನಿ. ಅದರ ಮೇಲೆ ಅಚ್ಚ ಬಿಳಿ ಅಕ್ಷರ ಬಿದ್ದರೆ ಸಂಖ್ಯೆ 255 ಆಗುತ್ತದೆ. ಮೊದಲು 200 ಇದ್ದರೂ ಅಷ್ಟೇ, 20 ಇದ್ದರೂ ಅಷ್ಟೇ. ಹಿಂದಿರುಗುವ ದಾರಿಯಿಲ್ಲ.

ಅಕ್ಷರ ಅರೆಪಾರದರ್ಶಕವಾಗಿದ್ದರೆ ಮಾತು ಬೇರೆ. ಶೇಕಡಾ 40ರಷ್ಟು ಬಿಳಿ, 60ರಷ್ಟು ಕಲ್ಲು ಬೆರೆತಿದೆ ಎನ್ನೋಣ. ಬಿಳಿಯ ಪಾಲು 102, ಕಲ್ಲಿನ ಪಾಲು 120, ಒಟ್ಟು 222. ಈಗ 222ರಿಂದ 102 ಕಳೆದು 0.6ರಿಂದ ಭಾಗಿಸಿದರೆ ಮತ್ತೆ 200 ಸಿಗುತ್ತದೆ. ಮಾಹಿತಿ ಮಸುಕಾಗಿತ್ತು, ಅಳಿದಿರಲಿಲ್ಲ.

ತೇಪೆಯ ಕೆಲಸ

ಮಾಹಿತಿ ಅಳಿದುಹೋದ ಕಡೆ ಉಳಿಯುವ ಉಪಾಯ ತೇಪೆ ಹಾಕುವುದೊಂದೇ. ಜಾಣ ದರ್ಜಿ ಅದೇ ಬಟ್ಟೆಯ ಚೂರನ್ನೇ ಹುಡುಕಿ ತೇಪೆ ಹಾಕುವಂತೆ, ತಂತ್ರಾಂಶವೂ ಸುತ್ತಲಿನ ಬಿಂದುಗಳನ್ನು ಎರವಲು ತರುತ್ತದೆ. ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶದಲ್ಲಿ 'ಕ್ಲೋನ್' ಉಪಕರಣ ಆರಿಸಿ, ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಪಕ್ಕದ ಶುದ್ಧ ಜಾಗವನ್ನು ಕ್ಲಿಕ್ ಮಾಡಿ, ನಂತರ ಅಕ್ಷರದ ಮೇಲೆ ಕುಂಚ ಆಡಿಸಬೇಕು. 'ಹೀಲ್' ಉಪಕರಣ ಇದರ ಜೊತೆಗೆ ಬಣ್ಣವನ್ನೂ ಸುತ್ತಲಿನದಕ್ಕೆ ಹೊಂದಿಸುತ್ತದೆ. ಎರವಲು ತರುವ ಜಾಗವನ್ನು ಆಗಾಗ ಬದಲಿಸಿ. ಇಲ್ಲವಾದರೆ ಒಂದೇ ಕಲೆ ಮರುಕಳಿಸಿ ಗುಟ್ಟು ರಟ್ಟಾಗುತ್ತದೆ. ಜೆಪೆಗ್ ವಿಧಾನ ಚಿತ್ರವನ್ನು 8x8 ಬಿಂದುಗಳ ಚೌಕಗಳಾಗಿ ಅಡಕಗೊಳಿಸುವುದರಿಂದ ಅಕ್ಷರದ ಸುತ್ತಲೂ ಮಸುಕು ಹರಡಿರುತ್ತದೆ. ಆದ್ದರಿಂದ ಅಂಚಿನಿಂದ ಸ್ವಲ್ಪ ಆಚೆಯವರೆಗೂ ಸರಿಪಡಿಸಬೇಕು. 2010ರಲ್ಲಿ ಫೋಟೊಶಾಪ್‌ಗೆ ಸೇರಿದ 'ಕಂಟೆಂಟ್ ಅವೇರ್ ಫಿಲ್' ಈ ಹುಡುಕಾಟವನ್ನು ತಾನೇ ಮಾಡುತ್ತದೆ. ಇಂದಿನ ಕೃತಕ ಬುದ್ಧಿಮತ್ತೆಯ ಸಾಧನಗಳು ಇನ್ನೂ ನಂಬುವಂತೆ ತುಂಬುತ್ತವೆ. ಆದರೂ ಅದು ಊಹೆಯೇ.

ಊಹೆ ಎಲ್ಲಿ ಸಲ್ಲದು?

ಆಕಾಶದ ಮೇಲಿನ ತಾರೀಖು ಅಳಿಸಿದರೆ ನಷ್ಟವಿಲ್ಲ. ರಥದ ಚಕ್ರದ ಮೇಲಿನದನ್ನು ಅಳಿಸಿದರೆ ಶಿಲ್ಪಿ ಕೆತ್ತದ ಬಳ್ಳಿಯನ್ನು ಗಣಕ ಕೆತ್ತಿಬಿಡಬಹುದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಈ ರಥದ ಮೇಲೆ ಇಟ್ಟಿಗೆಯ ಶಿಖರವಿದೆ, ಇಂದು ಅದಿಲ್ಲ. ಛಾಯಾಚಿತ್ರ ಇತಿಹಾಸಕ್ಕೆ ಸಾಕ್ಷಿಯಾಗುವುದು ಹೀಗೆ. ಸಾಕ್ಷಿಯನ್ನು ತಿದ್ದಬಾರದು.

ಇತರರ ಚಿತ್ರದ ಮೇಲಿನ ಹೆಸರು, ಗುರುತುಗಳ ವಿಷಯವೂ ಅಷ್ಟೇ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಬಿ ಕಲಮಿನ ಪ್ರಕಾರ, ಹಕ್ಕಿನ ಮಾಹಿತಿಯನ್ನು ಅಧಿಕಾರವಿಲ್ಲದೆ ತಿಳಿದೂ ತೆಗೆಯುವುದು ಅಪರಾಧ. ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು.

ಮಾಡಿ ನೋಡಿ

ನೀವೇ ತೆಗೆದ ಚಿತ್ರವೊಂದರ ಪ್ರತಿಯ ಮೇಲೆ ಹೆಸರು ಬರೆದು ಪದರಗಳನ್ನು ಬೆರೆಸಿ. ಬಳಿಕ ಹೆಸರನ್ನು ಅಳಿಸಿ. ತಿದ್ದಿದ ಚಿತ್ರವನ್ನು ಮೂಲಚಿತ್ರದ ಮೇಲೆ ಪದರವಾಗಿಟ್ಟು 'ಡಿಫರೆನ್ಸ್' ವಿಧಾನ ಆರಿಸಿ. ಎರಡೂ ಒಂದೇ ಆಗಿರುವ ಕಡೆ ಕಪ್ಪು ಕಾಣುತ್ತದೆ. ಬೆಳ್ಳಗೆ ಕಂಡದ್ದೆಲ್ಲ ಊಹೆ ತಪ್ಪಿದ ಜಾಗ. ಮೂಲ ಕಡತವನ್ನು ಮಾತ್ರ ಎಂದೂ ಅಳಿಸಬೇಡಿ.